ಹತ್ತಕ್ಕೆ ನಾಲ್ಕು ಬಂದ ಶಾಲೆಗೆ ಮಗಳನ್ನು ಕಳಿಸಬಹುದಾ?

ಅಮೆರಿಕದಲ್ಲಿರುವ ನಮ್ಮ ಓದುಗರಿಗೆ ಮನೆ ಬದಲಾಯಿಸುವ ಹೊತ್ತು ಬಂದಿದೆ ಅಂತ ಕಾಣುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅಲ್ಲಿನ ನಗರಗಳ ಪಬ್ಲಿಕ್ ಹೈಸ್ಕೂಲಿನ, ಅಂದರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗಿನ ಸರ್ಕಾರಿ ಶಾಲೆಯ, ಬಗ್ಗೆಯೇ ಇವೆ. ಅಲ್ಲಿ ಮನೆ ಎಲ್ಲಿದೆ ಅನ್ನೋದರ ಮೇಲೆ ಸಾಮಾನ್ಯವಾಗಿ ಮಗುವಿನ ಶಾಲೆ ಯಾವುದು ಅಂತ ತೀರ್ಮಾನವಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾವು ಷಿಕಾಗೊ ನಗರದೊಳಗೇ ಬಾಡಿಗೆಗೆ ಇದ್ದೇವೆ. ಮಗಳು ಈ ವರ್ಷ ಒಂಬತ್ತನೇ ಕ್ಲಾಸಿಗೆ ಹೋಗುತ್ತಾಳೆ. ಮನೆ ಹುಡುಕುವ ಸೈಟಿನಲ್ಲಿ ಪಕ್ಕದ ಹೈಸ್ಕೂಲಿಗೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟಿದ್ದಾರೆ. ನೂರಕ್ಕೆ ಎಂಬತ್ತು ಮಕ್ಕಳು ಬಡ ಮನೆಯವರಂತೆ, ಗಣಿತದಲ್ಲಿ ಮಟ್ಟ ಮುಟ್ಟಿದವರು ಕಾಲುಭಾಗ ಮಾತ್ರ. ಸಬರ್ಬಿಗೆ, ಅಂದರೆ ನಗರದ ಹೊರಗಿನ ಊರುಗಳಿಗೆ, ಹೋಗಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಅಲ್ಲಿನ ಬಾಡಿಗೆ ನಮ್ಮ ಕೈಗೆ ಎಟುಕುವುದು ಕಷ್ಟ. ಏನು ಮಾಡಲಿ?

ಉತ್ತರ: ಬರೀ ಆ ನಾಲ್ಕನ್ನು ನೋಡಿ ಮನೆ ಬದಲಾಯಿಸಬೇಡಿ, ತಾಯಿ. ಇಂಥ ಅಂಕ ಶಾಲೆ ಹೇಗೆ ಕಲಿಸುತ್ತದೆ ಅನ್ನೋದಕ್ಕಿಂತ ಜಾಸ್ತಿ, ಅಲ್ಲಿಗೆ ಎಂಥ ಮನೆಗಳಿಂದ ಮಕ್ಕಳು ಬರುತ್ತಾರೆ ಅನ್ನೋದನ್ನು ಹೇಳುತ್ತದೆ.

ಇದು ಹೊಸ ಮಾತಲ್ಲ. ಜೇಮ್ಸ್ ಕೋಲ್ಮನ್ ಅನ್ನುವ ಸಮಾಜಶಾಸ್ತ್ರಜ್ಞರು 1966ರಲ್ಲೇ ಲಕ್ಷಾಂತರ ಮಕ್ಕಳ ಅಂಕ ನೋಡಿ ಅಮೆರಿಕ ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ಕಟ್ಟಡ, ಲ್ಯಾಬು, ಖರ್ಚು ಇವೆಲ್ಲಕ್ಕಿಂತ ಮನೆಯ ಹಿನ್ನೆಲೆಗೇ ಅಂಕದ ಜೊತೆ ಹೆಚ್ಚು ನಂಟಿದೆ ಅಂತ ಅದರಲ್ಲಿತ್ತು. ಆಮೇಲೆ ಅದರ ಮೇಲೆ ಬೇಕಾದಷ್ಟು ಜಗಳ ನಡೆದಿದೆ, ಬಡ ಮಕ್ಕಳ ಶಾಲೆಗೆ ದುಡ್ಡು ಹಾಕಿದರೆ ಫಲ ಸಿಗುತ್ತದೆ ಅಂತ ತೋರಿಸಿದ ಅಧ್ಯಯನಗಳೂ ಬಂದಿವೆ. ಆದರೆ ಸರಾಸರಿ ಅಂಕಕ್ಕೂ ಅಪ್ಪ ಅಮ್ಮನ ಆದಾಯಕ್ಕೂ ಇರುವ ನಂಟು ಮಾತ್ರ ಇವತ್ತಿಗೂ ಹಾಗೇ ಇದೆ.

ಸರಾಸರಿ ಒಂದು, ವರ್ಷದಿಂದ ವರ್ಷಕ್ಕೆ ಮಕ್ಕಳು ಎಷ್ಟು ಮುಂದೆ ಹೋದರು ಅನ್ನೋದು ಇನ್ನೊಂದು. ಇದಕ್ಕೆ ನಿಮ್ಮ ಷಿಕಾಗೊಗಿಂತ ಒಳ್ಳೆ ಉದಾಹರಣೆ ಸಿಗಲ್ಲ. ಸ್ಟ್ಯಾನ್‌ಫರ್ಡಿನ ಶಾನ್ ರಿಯರ್ಡನ್ ದೇಶದ ಶಾಲಾ ಜಿಲ್ಲೆಗಳ (ಆಯಾ ಊರಿನ ಪಬ್ಲಿಕ್ ಶಾಲೆಗಳನ್ನು ನಡೆಸುವ ಆಡಳಿತಗಳ) ಅಂಕಗಳನ್ನೆಲ್ಲ ಒಂದು ಕಡೆ ಹಾಕಿ ನೋಡಿದವರು. ಅವರ ತಂಡ 2017ರಲ್ಲಿ ಹೊರಗಿಟ್ಟ ಲೆಕ್ಕದ ಪ್ರಕಾರ, ಷಿಕಾಗೊದ ಪಬ್ಲಿಕ್ ಶಾಲೆಗಳ ಮಕ್ಕಳು ಮೂರನೇ ಕ್ಲಾಸಿನಲ್ಲಿ ದೇಶದ ಸರಾಸರಿಗಿಂತ ಎಷ್ಟೋ ಹಿಂದೆ ಇದ್ದರು, ಆದರೆ ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ಐದು ವರ್ಷದಲ್ಲಿ ಆರು ವರ್ಷದ ಪಾಠದಷ್ಟು ಮುಂದೆ ಬಂದಿದ್ದರು. ಆಗಲೂ ಒಟ್ಟು ಅಂಕ ಕಡಿಮೆಯೇ. ಬರೀ ಒಟ್ಟು ಅಂಕ ನೋಡುವವರಿಗೆ ಆ ಮೇಷ್ಟ್ರುಗಳ ಕೆಲಸ ಕಾಣುವುದೇ ಇಲ್ಲ. ಇದು ಹೈಸ್ಕೂಲಿನ ಲೆಕ್ಕ ಅಲ್ಲ, ನಿಜ. ಆದರೆ ಅದೇ ಮಕ್ಕಳು ತಾನೇ ಹೈಸ್ಕೂಲಿಗೆ ಬರೋದು.

‘ಎಂಬತ್ತು ಪರ್ಸೆಂಟ್ ಬಡವರು’ ಅನ್ನೋದನ್ನೂ ಸ್ವಲ್ಪ ಬಿಡಿಸಿ ನೋಡಿ. ತುಂಬ ವರ್ಷ ಈ ಸಂಖ್ಯೆ ಬರುತ್ತಿದ್ದದ್ದು ಮಧ್ಯಾಹ್ನದ ಊಟದ ಅರ್ಜಿಯಿಂದ. ಮನೆಯ ಆದಾಯ ಬಡತನ ರೇಖೆಯ 130 ಪರ್ಸೆಂಟಿನೊಳಗಿದ್ದರೆ ಊಟ ಪುಕ್ಕಟೆ, 185ರೊಳಗಿದ್ದರೆ ಕಡಿಮೆ ಬೆಲೆಗೆ. ಅಂದರೆ ಊಟಕ್ಕೇ ಗತಿಯಿಲ್ಲದ ಮನೆಯೂ ಅದೇ ಲೆಕ್ಕದಲ್ಲಿ, ಇಬ್ಬರೂ ದುಡಿದು ತಿಂಗಳು ತಳ್ಳುವ ಮನೆಯೂ ಅದೇ ಲೆಕ್ಕದಲ್ಲಿ. ಈಗ ಷಿಕಾಗೊದಲ್ಲಿ ಎಲ್ಲ ಮಕ್ಕಳಿಗೂ ಊಟ ಉಚಿತ, ಹಾಗಾಗಿ ಆ ಅರ್ಜಿಯನ್ನೇ ನಂಬಿ ಕೂರಲು ಆಗಲ್ಲ, ಬೇರೆ ಸರ್ಕಾರಿ ನೆರವಿನ ದಾಖಲೆಗಳಿಂದಲೂ ಲೆಕ್ಕ ಹಾಕುತ್ತಾರೆ.

ಹಾಗಾದರೆ ಏನು ನೋಡಬೇಕು? ಇಲಿನಾಯ್ ರಾಜ್ಯದ್ದೇ ರಿಪೋರ್ಟ್ ಕಾರ್ಡ್ ಸೈಟ್ ಇದೆ. ಅದರಲ್ಲಿ ‘ಒಂಬತ್ತನೇ ಕ್ಲಾಸಿನವರು ಆನ್ ಟ್ರ್ಯಾಕ್’ ಅನ್ನುವ ಸಾಲು ಹುಡುಕಿ. ಮೊದಲ ವರ್ಷದಲ್ಲಿ ಬೇಕಾದಷ್ಟು ಕ್ರೆಡಿಟ್ (ಪಾಸಾದ ಕೋರ್ಸಿಗೆ ಸಿಗುವ ಅಂಕ) ಪಡೆದು, ಮುಖ್ಯ ವಿಷಯಗಳಲ್ಲಿ ಒಂದಕ್ಕಿಂತ ಜಾಸ್ತಿ ಸೆಮಿಸ್ಟರ್ ‘ಎಫ್’, ಅಂದರೆ ಫೇಲು, ತೆಗೆಯದ ಮಕ್ಕಳು ಎಷ್ಟು ಅಂತ ಅದು ಹೇಳುತ್ತದೆ. ಷಿಕಾಗೊ ವಿಶ್ವವಿದ್ಯಾಲಯದವರು 2005ರಲ್ಲಿ ಲೆಕ್ಕ ಹಾಕಿದಾಗ, ಈ ಹಾದಿಯಲ್ಲಿದ್ದ ಮಕ್ಕಳು ಉಳಿದವರಿಗಿಂತ ಮೂರೂವರೆ ಪಟ್ಟು ಹೆಚ್ಚಾಗಿ ನಾಲ್ಕು ವರ್ಷದಲ್ಲಿ ಹೈಸ್ಕೂಲ್ ಮುಗಿಸುತ್ತಿದ್ದರು. ಶಾಲೆ ಹೊಸ ಮಕ್ಕಳನ್ನು ಕೈಹಿಡಿದು ನಡೆಸುತ್ತದೋ ಅಥವಾ ಸುಮ್ನೆ ಬಿಟ್ಟುಬಿಡುತ್ತದೋ ಅನ್ನೋದು ಈ ಒಂದು ಸಾಲಿನಲ್ಲಿ ಬೇಗ ಗೊತ್ತಾಗುತ್ತದೆ. ಆಮೇಲೆ ಗೈರುಹಾಜರಿ. ವರ್ಷದ ಹತ್ತನೇ ಒಂದು ಭಾಗ, ಅಂದರೆ 180 ದಿನದಲ್ಲಿ 18 ದಿನ ತಪ್ಪಿಸಿದರೆ ಅದನ್ನು ದೀರ್ಘ ಗೈರು ಅಂತ ಬರೆದುಕೊಳ್ಳುತ್ತಾರೆ. ಕೊರೋನಾ ನಂತರ ದೇಶದಾದ್ಯಂತ ಇದು ಏರಿದೆ, ಹಾಗಾಗಿ ಸಂಖ್ಯೆ ನೋಡಿ ಗಾಬರಿಯಾಗಬೇಡಿ, ಇಳಿಯುತ್ತಾ ಇದೆಯಾ ಅಂತ ನೋಡಿ. ಶಾಲೆಯ ಒಳಗೆ ಹೇಗಿದೆ ಅಂತ ಮಕ್ಕಳನ್ನೂ ಮೇಷ್ಟ್ರುಗಳನ್ನೂ ಕೇಳಿ ಮಾಡುವ ‘ಫೈವ್ ಎಸೆನ್ಷಿಯಲ್ಸ್’ ಸಮೀಕ್ಷೆಯ ಫಲಿತಾಂಶವೂ ಅಲ್ಲೇ ಇರುತ್ತದೆ.

ಒಂದು ಮಾತು ಮಾತ್ರ ಮುಚ್ಚಿಡಲ್ಲ. ಜೊತೆಗೆ ಓದುವವರ ಪ್ರಭಾವ ಇದ್ದೇ ಇದೆ. ಅದನ್ನೂ ಕೋಲ್ಮನ್ ಹೇಳಿದ್ದರು. ಮೇಲಿನ ಮಟ್ಟದ ಗಣಿತ ತೆಗೆದುಕೊಳ್ಳುವ ಮಕ್ಕಳು ಬೆರಳೆಣಿಕೆಯಷ್ಟಿದ್ದರೆ ಆ ಕ್ಲಾಸನ್ನೇ ನಡೆಸದಿರಬಹುದು. ಶಾಲೆಗೆ ಹೋಗಿ ಕೇಳಿ: ಎಪಿ ಕ್ಯಾಲ್ಕುಲಸ್ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಗಣಿತ) ಈ ವರ್ಷ ನಡೆಯುತ್ತಿದೆಯಾ, ಎಷ್ಟು ಜನ ಕೂರುತ್ತಾರೆ, ಯಾರು ಕೂರುತ್ತಾರೆ? ಬಣ್ಣಬಣ್ಣದ ಕರಪತ್ರದಲ್ಲಿ ಎಲ್ಲ ಕೋರ್ಸೂ ಇರುತ್ತವೆ, ಅದನ್ನು ನಂಬಬೇಡಿ. ಇದಕ್ಕೆ ಸರಿಯಾದ ಉತ್ತರ ಸಿಗದೇ ಹೋದರೆ ಆಗ ಮನೆ ಬದಲಾಯಿಸುವ ಯೋಚನೆ ಮಾಡಿ, ಇಲ್ಲವೇ ನಗರದೊಳಗೇ ಅರ್ಜಿ ಹಾಕಿ ಸೇರುವ ಬೇರೆ ಪಬ್ಲಿಕ್ ಹೈಸ್ಕೂಲುಗಳನ್ನು ನೋಡಿ.

ಪ್ರಶ್ನೆ: ಹ್ಯೂಸ್ಟನ್‌ನಲ್ಲಿ ಮಗ ಓದುವ ಶಾಲೆಯ ಒಟ್ಟು ಫಲಿತಾಂಶ ನೋಡನೋಡುತ್ತಲೇ ಕುಸಿಯಿತು. ಹೊಸ ಪ್ರಿನ್ಸಿಪಾಲ್ ಬಂದ ಮೇಲೆ ಹೀಗಾಯಿತು ಅಂತ ಪೋಷಕರೆಲ್ಲ ಕಿಡಿಕಾರುತ್ತಿದ್ದಾರೆ. ನಿಜ ಇರಬಹುದಾ?

ಉತ್ತರ: ಇರಬಹುದು. ಆದರೆ ಬೈಯುವ ಮೊದಲು ಒಂದು ಲೆಕ್ಕ ಮಾಡಿ ನೋಡೋಣ. ಇದು ಬರೀ ಕಲ್ಪನೆಯ ಲೆಕ್ಕ. ಹೋದ ವರ್ಷ ನೂರು ಮಕ್ಕಳು. ಅನುಕೂಲಸ್ಥ ಮನೆಯ 80 ಮಕ್ಕಳಲ್ಲಿ 56 ಜನ ಪಾಸು, ಅಂದರೆ ನೂರಕ್ಕೆ 70. ಈಚೆಗೆ ದೇಶಕ್ಕೆ ಬಂದು ಇನ್ನೂ ಇಂಗ್ಲಿಷ್ ಕಲಿಯುತ್ತಿರುವ 20 ಮಕ್ಕಳಲ್ಲಿ 6 ಜನ ಪಾಸು, ನೂರಕ್ಕೆ 30. ಒಟ್ಟು 62. ಈ ವರ್ಷವೂ ನೂರೇ ಮಕ್ಕಳು, ಆದರೆ ಎರಡೂ ಗುಂಪು ಐವತ್ತೈವತ್ತು. ಮೊದಲ ಗುಂಪಿನಲ್ಲಿ 37 ಪಾಸು, ನೂರಕ್ಕೆ 74. ಎರಡನೆಯದರಲ್ಲಿ 18, ನೂರಕ್ಕೆ 36. ಎರಡೂ ಗುಂಪು ಮೇಲೆ ಹೋಗಿವೆ. ಒಟ್ಟು ಮಾತ್ರ 55ಕ್ಕೆ ಇಳಿಯಿತು! ಇಲ್ಲಿ ಪ್ರಿನ್ಸಿಪಾಲರಿಗೆ ಹಾರ ಹಾಕಬೇಕು ತಾನೇ?

ಇದಕ್ಕೇ ಗುಂಪುವಾರು ಅಂಕ ನೋಡಬೇಕು. 2002ರಲ್ಲಿ ಜಾರಿಗೆ ಬಂದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾನೂನಿನ ಬಗ್ಗೆ ಎಷ್ಟು ದೂರು ಇದ್ದರೂ, ಬಡತನ, ಜನಾಂಗ, ಭಾಷೆ, ಅಂಗವೈಕಲ್ಯ ಇವುಗಳ ಪ್ರಕಾರ ಬೇರೆಬೇರೆಯಾಗಿ ಅಂಕ ತೋರಿಸಲೇಬೇಕು ಅಂತ ಮಾಡಿದ್ದು ಅದೇ. 2015ರ ಹೊಸ ಕಾನೂನಿನಲ್ಲೂ ಅದು ಉಳಿದಿದೆ. ಇಂಗ್ಲಿಷ್ ಕಲಿಯುವವರ ಸಾಲನ್ನು ಓದುವಾಗ ಇನ್ನೊಂದು ವಿಷಯ ನೆನಪಿಡಿ. ಚೆನ್ನಾಗಿ ಇಂಗ್ಲಿಷ್ ಕಲಿತ ಮಕ್ಕಳನ್ನು ಆ ಗುಂಪಿನಿಂದ ತೆಗೆಯುತ್ತಾರೆ, ಅವರ ಜಾಗಕ್ಕೆ ಹೊಸಬರು ಬರುತ್ತಾರೆ. ಗೆದ್ದವರೆಲ್ಲ ಪಟ್ಟಿಯಿಂದ ಆಚೆ ಹೋದ ಮೇಲೆ ಆ ಸಾಲು ಯಾವತ್ತು ತಾನೇ ಮೇಲೇಳುತ್ತದೆ?

ನೀವು ಟೆಕ್ಸಸ್‌ನವರಾದ್ದರಿಂದ ಇನ್ನೊಂದು ಮಾತು. 1997ರ ಕಾನೂನಿನಿಂದಾಗಿ ಅಲ್ಲಿ ತಮ್ಮ ಹೈಸ್ಕೂಲಿನ ಮೊದಲ ಹತ್ತು ಪರ್ಸೆಂಟಿನಲ್ಲಿ ಇರುವವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಇದೆ. ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಮಾತ್ರ ಪೈಪೋಟಿ ಜಾಸ್ತಿಯಾಗಿ ಆ ಗಡಿಯನ್ನು ಇನ್ನೂ ಬಿಗಿ ಮಾಡಿದ್ದಾರೆ, ಬೇಕಾದ ವಿಷಯವೇ ಸಿಗುತ್ತದೆ ಅಂತಲೂ ಇಲ್ಲ. ಆದರೂ ಲೆಕ್ಕ ಆಗೋದು ನಿಮ್ಮ ಮಗನ ಶಾಲೆಯೊಳಗಿನ ರ‍್ಯಾಂಕು. ಶಾಲೆಯ ಸರಾಸರಿ ಅಲ್ಲ.

ಪ್ರಶ್ನೆ: ಒಂದೇ ಶಾಲೆಯಲ್ಲಿ ಗಣಿತದ ಮಟ್ಟ ಮುಟ್ಟಿದವರು ನೂರಕ್ಕೆ 25, ಹೈಸ್ಕೂಲ್ ಮುಗಿಸಿ ಹೊರಬಿದ್ದವರು 88! ಮೋಸ ಅಲ್ವಾ ಇದು?

ಉತ್ತರ: ಎರಡೂ ಬೇರೆಬೇರೆ ಅಳತೆ. ಮೊದಲನೆಯದು ಒಂದು ದಿನದ ಪರೀಕ್ಷೆ, ಅದೂ ‘ಮಟ್ಟ’ ಎಲ್ಲಿರಬೇಕು ಅನ್ನೋದನ್ನು ಆಯಾ ರಾಜ್ಯವೇ ಗೆರೆ ಎಳೆದು ಹೇಳುತ್ತದೆ. ಎರಡನೆಯದು ನಾಲ್ಕು ವರ್ಷದಲ್ಲಿ ಕ್ರೆಡಿಟ್ ಮುಗಿಸಿದವರ ಲೆಕ್ಕ. ದೇಶದ ಸರಾಸರಿ 2010–11ರಲ್ಲಿ 79 ಇದ್ದದ್ದು 2021–22ಕ್ಕೆ 87ಕ್ಕೆ ಬಂದಿದೆ. ಕೆಲವು ಕಡೆ ಫೇಲಾದ ಕೋರ್ಸನ್ನು ಕಂಪ್ಯೂಟರ್ ಮುಂದೆ ಕೂರಿಸಿ ಕೆಲವೇ ವಾರಗಳಲ್ಲಿ ಮುಗಿಸಿ ಕ್ರೆಡಿಟ್ ಕೊಡುವ ಪದ್ಧತಿ ಇದೆ. ಅದರ ಮೇಲೆ ನನಗೂ ಗುಮಾನಿ. ಎಷ್ಟು ಜನ ಹಾಗೆ ಪಾಸಾದರು ಅಂತ ಶಾಲೆಯನ್ನೇ ಕೇಳಿ.

ಪ್ರಶ್ನೆ: ಮೈಸೂರಿನಿಂದ ಬರೆಯುತ್ತಿದ್ದೇನೆ. ಮೊಮ್ಮಗನ ಊರು ಡೆಟ್ರಾಯಿಟ್ ಹತ್ತಿರ. ನಗರದ ಗಡಿ ದಾಟಿದ ಕೂಡಲೇ ಶಾಲೆ, ಮಕ್ಕಳು, ಎಲ್ಲ ಬೇರೆಯಾಗುತ್ತದಂತೆ. ಅಷ್ಟು ಶ್ರೀಮಂತ ದೇಶದಲ್ಲಿ ಹೀಗೇಕೆ?

ಉತ್ತರ: ಯಜಮಾನರೇ, ನಿಮ್ಮ ಪ್ರಶ್ನೆಯಲ್ಲಿರುವ ಊರಿನ ಹೆಸರಲ್ಲೇ ಉತ್ತರದ ಒಂದು ಭಾಗ ಇದೆ. ಕಪ್ಪು, ಬಿಳಿ ಮಕ್ಕಳನ್ನು ಬೇರೆಬೇರೆ ಕೂರಿಸುವುದು ತಪ್ಪು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿತು. ಅಷ್ಟರಲ್ಲಿ ಬಿಳಿಯ ಕುಟುಂಬಗಳು ನಗರ ಬಿಟ್ಟು ಸಬರ್ಬಿಗೆ ಹೊರಟಿದ್ದವು. ಡೆಟ್ರಾಯಿಟ್‌ನಲ್ಲಿ ನಗರದ ಮಕ್ಕಳನ್ನೂ ಸುತ್ತಲ ಸಬರ್ಬಿನ ಮಕ್ಕಳನ್ನೂ ಸೇರಿಸಿ ಕಲಿಸುವ ಯೋಜನೆ ಬಂದಾಗ ಅದೇ ಕೋರ್ಟ್ 1974ರಲ್ಲಿ 5–4ರ ತೀರ್ಪಿನಲ್ಲಿ ಅದನ್ನು ತಳ್ಳಿಹಾಕಿತು. ಸಬರ್ಬಿನ ಶಾಲಾ ಜಿಲ್ಲೆಗಳು ತಪ್ಪು ಮಾಡಿವೆ ಅಂತ ಸಾಬೀತಾಗದೆ ಅವುಗಳನ್ನು ಎಳೆದು ತರಬಾರದು ಅಂತ. ಅಮೆರಿಕದ ಹಲವು ಕಡೆ ಶಾಲೆಯ ದುಡ್ಡಿನಲ್ಲಿ ದೊಡ್ಡ ಪಾಲು ಆಯಾ ಊರಿನ ಮನೆ ಜಮೀನಿನ ತೆರಿಗೆಯಿಂದ ಬರುತ್ತದೆ, ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯದಲ್ಲೂ 1994ರವರೆಗೆ ಹಾಗೇ ಇತ್ತು. ಕಪ್ಪು ಜನರಿದ್ದ ಬೀದಿಗಳಿಗೆ ಮನೆ ಸಾಲ ಸಿಗದಂತೆ 1930ರ ದಶಕದಿಂದಲೇ ತಡೆ ಇತ್ತು, ಹಾಗಾಗಿ ಅಲ್ಲಿ ಮನೆಗಳಿಗೆ ಬೆಲೆಯೂ ಏರಲಿಲ್ಲ. ಗಡಿಯ ಆಚೆಗೂ ಈಚೆಗೂ ಇರುವ ವ್ಯತ್ಯಾಸ ಮಕ್ಕಳು ಹುಟ್ಟುವ ಮೊದಲೇ ಆಗಿಹೋಗಿದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ‘ಏಷ್ಯನ್’ ಮಕ್ಕಳ ಅಂಕ ಎಲ್ಲರಿಗಿಂತ ಮೇಲಿದೆ. ಎಂಟನೇ ಕ್ಲಾಸಿನ ನಮ್ಮ ಹುಡುಗನ ಬಗ್ಗೆ ನಿಶ್ಚಿಂತೆಯಿಂದ ಇರಬಹುದಲ್ವಾ?

ಉತ್ತರ: ಇಲ್ಲ. ಆ ಒಂದು ಪದದೊಳಗೆ ಬೆಂಗಳೂರಿನಿಂದ ಬಂದ ಎಂಜಿನಿಯರ್ ಮಗನೂ ಇದ್ದಾನೆ, ನಿರಾಶ್ರಿತರಾಗಿ ಬಂದ ಬರ್ಮಾ, ಕಾಂಬೋಡಿಯಾ ಕುಟುಂಬಗಳ ಮಕ್ಕಳೂ ಇದ್ದಾರೆ. ಗುಂಪಿನ ಅಂಕ ಯಾರ ಮಗನನ್ನೂ ಓದಿಸಲ್ಲ. ಅದನ್ನು ಬಿಟ್ಟು, ಒಂಬತ್ತಕ್ಕೆ ಅವನನ್ನು ಯಾವ ಗಣಿತದ ಕ್ಲಾಸಿಗೆ ಹಾಕುತ್ತಾರೆ ಅಂತ ಈಗಲೇ ಕೌನ್ಸೆಲರನ್ನು ಕೇಳಿ. ಒಂಬತ್ತರಲ್ಲಿ ಆಲ್ಜೀಬ್ರಾ ಒಂದರಿಂದ ಶುರು ಮಾಡಿದವರು ಸಾಮಾನ್ಯವಾಗಿ ಹನ್ನೆರಡಕ್ಕೆ ಪ್ರೀಕ್ಯಾಲ್ಕುಲಸ್‌ಗೆ ನಿಲ್ಲುತ್ತಾರೆ. ಕ್ಯಾಲ್ಕುಲಸ್ ಬೇಕಾದರೆ ಆಲ್ಜೀಬ್ರಾ ಎಂಟರಲ್ಲೇ ಮುಗಿದಿರಬೇಕು, ಇಲ್ಲವೇ ಬೇಸಿಗೆಯಲ್ಲಿ ಒಂದು ಕೋರ್ಸ್ ಮಾಡಿಕೊಳ್ಳಬೇಕು. ಬೇಸಿಗೆ ಕೋರ್ಸಿಗೆ ಹೆಸರು ಬರೆಸುವ ಕೊನೆ ದಿನ ಯಾವತ್ತು ಅನ್ನೋದನ್ನೂ ಅವರ ಹತ್ತಿರವೇ ಕೇಳಿಕೊಂಡು ಬನ್ನಿ.