ಅಕ್ಷರಮಾಲೆ ಬಾಯಿಪಾಠ, ಓದು ಮಾತ್ರ ಬರ್ತಿಲ್ಲ

ಪ್ರಶ್ನೆ: ಟೀಚರ್, ಒಂದನೇ ಕ್ಲಾಸಿನ ನನ್ನ ಮಗಳು 49 ಅಕ್ಷರಗಳನ್ನೂ ಗಡಗಡ ಹೇಳುತ್ತಾಳೆ. ಆದರೆ ‘ಸರ’ ಅಂತ ಬರೆದು ತೋರಿಸಿದರೆ ಸುಮ್ನೆ ನನ್ನ ಮುಖ ನೋಡುತ್ತಾಳೆ. ಏನು ಮಾಡಲಿ?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಗಾಬರಿ ಬೇಡಮ್ಮ. ಅವಳಿಗೆ ಅಕ್ಷರಗಳ ಸಾಲು ಗೊತ್ತು, ಒಂದೊಂದರ ಗುರುತು ಇನ್ನೂ ಸಿಕ್ಕಿಲ್ಲ. ‘ಗ’ ಒಂದನ್ನೇ ತೋರಿಸಿ ನೋಡಿ. ‘ಕ’ದಿಂದ ಶುರು ಮಾಡಿ ಹೇಳಿಕೊಂಡು ಬರ್ತಾಳೆ, ಅಲ್ವಾ?

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳಲ್ಲಿ ಆಟವಾಡಿಸುತ್ತಾ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಅ, ಆ, ಇ, ಈ ಕ್ರಮ ಇಲ್ಲ. ಮೊದಲು ರ, ಗ, ಸ, ದ, ಅ. ನಾನು ತರಗತಿಯಲ್ಲಿ ಕಲಿಸಿದ್ದೂ ಹೀಗೇ. ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಮಗುವಿಗೆ ಆ ಖುಷಿ ಬೇಗ ಸಿಗಬೇಕು.

ಹಳೇ ಮದುವೆ ಕಾಗದ ಕತ್ತರಿಸಿ ಒಂದರಲ್ಲಿ ‘ಸ’, ಇನ್ನೊಂದರಲ್ಲಿ ‘ರ’ ದಪ್ಪಗೆ ಬರೆಯಿರಿ. ದೂರ ಇಟ್ಟು ‘ಸ... ರ...’ ಅನ್ನಿಸಿ. ಹತ್ತಿರ ತಳ್ಳುತ್ತಾ ಬೇಗ ಹೇಳಿಸಿ. ‘ಸರ’ ಆಯ್ತು! ಚೀಟಿ ಅದಲು ಬದಲು ಮಾಡಿದರೆ ‘ರಸ’. ನೀವು ಹೇಳಿಕೊಡಬೇಡಿ, ಸ್ವಲ್ಪ ಕಾಯಿರಿ. ಆಮೇಲೆ ‘ಸ’ಕ್ಕೆ ದೀರ್ಘ ಕೊಟ್ಟು ‘ಸಾ’ ತೋರಿಸಿ, ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ. ಸಾಗರದ ಬಸ್ಸಿನ ಬೋರ್ಡನ್ನು ಅವಳೇ ಓದಲಿ.

ದ, ಧ ಗೊಂದಲಕ್ಕೆ ಈಗಲೇ ಬೈಯಬೇಡಿ. ಹೊಟ್ಟೆ ಸೀಳುವ ಅಕ್ಷರಗಳು ನಿಧಾನ ಬರಲಿ. ದಿನಾ ಹತ್ತು ನಿಮಿಷ ಸಾಕು, ಜಾಸ್ತಿ ಬೇಡ.