ರಿಪೋರ್ಟ್ ನಾರ್ಮಲ್, ತಲೆ ಮಾತ್ರ ಮಂಕು

ಪತ್ರ:

ಮೇಡಂ, ನನಗೆ 39 ವರ್ಷ. ಬನಶಂಕರಿಯಲ್ಲಿ ಮನೆ, ಇಂದಿರಾನಗರದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ. ಹೋದ ವರ್ಷ ಯುಗಾದಿ ಸುಮಾರಿಗೆ ಥೈರಾಯ್ಡ್ ಕಡಿಮೆ ಇದೆ ಅಂತ ಗೊತ್ತಾಯಿತು. ಟಿಎಸ್‌ಎಚ್ 42 ಇತ್ತು, ಥೈರಾಯ್ಡ್ ಕಮ್ಮಿಯಾದಷ್ಟೂ ಈ ನಂಬರ್ ಏರುತ್ತಂತೆ. 75 ಮೈಕ್ರೋಗ್ರಾಂ ಥೈರಾಯ್ಡ್ ಮಾತ್ರೆ ಶುರುಮಾಡಿದರು. ದಸರಾ ಹೊತ್ತಿಗೆ 3.9ಕ್ಕೆ ಬಂತು, ನಾರ್ಮಲ್ ಅಂದರು. ನಾನೂ ಚೆನ್ನಾಗೇ ಇದ್ದೆ. ಈ ಯುಗಾದಿ ಬರುವಷ್ಟರಲ್ಲಿ ಮತ್ತೆ ಅದೇ ಕಥೆ. ತಲೆಯೊಳಗೆ ಹತ್ತಿ ತುಂಬಿದ ಹಾಗಿರುತ್ತೆ. ಮೊನ್ನೆ ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೋ ಬದಲಾಯಿಸಬೇಕಿತ್ತು. ಸುಮ್ನೆ ಕೂತೇ ಇದ್ದೆ, ರಾಜಾಜಿನಗರ ಬಂದಾಗ ಗೊತ್ತಾಯಿತು. ನಿದ್ದೆ ಮಾಡಿರಲಿಲ್ಲ ಮೇಡಂ, ಕಣ್ಣು ಬಿಟ್ಕೊಂಡೇ ಇದ್ದೆ. ಒಂದು ಜಿಎಸ್‌ಟಿ ರಿಟರ್ನ್‌ನಲ್ಲಿ ಸೊನ್ನೆ ಜಾಸ್ತಿ ಹಾಕಿದ್ದೆ, ಪಕ್ಕದ ಹುಡುಗಿ ನೋಡಿದಳು, ಬಚಾವ್. ನಮ್ಮ ಯಜಮಾನರು ‘ರಿಪೋರ್ಟ್ ನಾರ್ಮಲ್ ಇದೆಯಲ್ಲ, ಇನ್ನೇನು?’ ಅಂತಾರೆ. ಅತ್ತೆ ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಮಲಗೋಕೆ ಒಂದು ನೆಪ’ ಅಂತಾರೆ. ನಾದಿನಿ ಮಾತ್ರೆ ಬಿಟ್ಟು ಕೊತ್ತಂಬರಿ ಬೀಜದ ನೀರು ಕುಡಿ ಅಂತಾಳೆ. ಸಂಕ್ರಾಂತಿ ಆದಮೇಲೆ ಮೊಳಕಾಲು ನೋವಿಗೆ ಕ್ಯಾಲ್ಸಿಯಂ ಕೊಟ್ಟಿದ್ದಾರೆ, ಮುಟ್ಟಿನಲ್ಲಿ ಜಾಸ್ತಿ ಹೋಗುತ್ತೆ ಅಂತ ಐರನ್ ಮಾತ್ರೆ, ಕೂದಲಿಗೆ ನಾನೇ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ತಗೊಂಡಿದ್ದೀನಿ. ಮರೆತುಹೋಗುತ್ತೆ ಅಂತ ಎಲ್ಲಾನೂ ಬೆಳಿಗ್ಗೆ ಕಾಫಿ ಜೊತೆ ನುಂಗಿಬಿಡ್ತೀನಿ. ಒಂದೊಂದು ರಾತ್ರಿ, ಬೆಳಿಗ್ಗೆ ಎಚ್ಚರವೇ ಆಗದಿದ್ದರೆ ಒಳ್ಳೇದಿತ್ತು ಅನಿಸುತ್ತೆ. ರಾಜೀನಾಮೆ ಟೈಪ್ ಮಾಡಿ ಇಟ್ಟಿದ್ದೀನಿ. ಕಳಿಸಲಾ? ಇದು ಥೈರಾಯ್ಡಾ, ಮನಸ್ಸಿನ ಕಾಯಿಲೆನಾ, ಇಲ್ಲಾ ನಿಜವಾಗ್ಲೂ ನಾನೇ ಸೋಮಾರಿನಾ?

– ಹೆಸರು ಬೇಡ, ಬನಶಂಕರಿ

ಉತ್ತರ:

ಮೊದಲು ಆ ಒಂದು ಸಾಲಿಗೆ ಬರುತ್ತೇನೆ. ಬೆಳಿಗ್ಗೆ ಎಚ್ಚರವೇ ಆಗದಿದ್ದರೆ ಒಳ್ಳೇದಿತ್ತು ಅಂದಿರಿ. ಕೂದಲಿಗೆ ಬಯೋಟಿನ್ ಅಂದ ಮೇಲೆ, ರಾಜೀನಾಮೆ ಅನ್ನುವ ಮೊದಲು, ಸಂದಿಯಲ್ಲಿ ತುರುಕಿದ ಹಾಗೆ ಬರೆದಿದ್ದೀರಿ. ನಾನು ಅದನ್ನು ಎರಡು ಸಲ ಓದಿದೆ. ತುಂಬಾ ದಣಿದವರಿಗೆ ಹೀಗೆ ಅನಿಸುವುದುಂಟು. ಆದರೆ ಅದನ್ನು ಒಬ್ಬರೇ ಇಟ್ಟುಕೊಂಡು ಮಲಗಬೇಡಿ. ಇವತ್ತೇ ರಾತ್ರಿ ನಿಮ್ಮ ಯಜಮಾನರಿಗೆ ಹೇಳಿ. ‘ಸುಸ್ತು’ ಅಂತಲ್ಲ, ನನಗೆ ಬರೆದಿರುವ ಮಾತನ್ನೇ ಹೇಳಿ. ಸಾಯಬೇಕು ಅನ್ನುವ ಯೋಚನೆ, ಹೇಗೆ ಅನ್ನುವ ಲೆಕ್ಕಾಚಾರ ಏನಾದರೂ ತಲೆಗೆ ಬರುತ್ತಿದ್ದರೆ ಈ ಅಂಕಣ ಪೂರ್ತಿ ಓದುತ್ತಾ ಕೂರಬೇಡಿ. ಯಾರನ್ನಾದರೂ ಜೊತೆಗೆ ಕರೆದುಕೊಂಡು ಈಗಲೇ ಆಸ್ಪತ್ರೆಗೆ ಹೊರಡಿ. ಅಷ್ಟಿಲ್ಲದಿದ್ದರೂ ಟೆಲಿ ಮಾನಸ್‌ಗೆ ಫೋನ್ ಮಾಡಬಹುದು, ನಂಬರ್ 14416. ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಈಗ ಮಾತ್ರೆ ವಿಷಯ. ನೀವು ಲೆಕ್ಕದವರು. ದಸರಾ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ ಈಗಿನ ಬ್ಯಾಲೆನ್ಸ್ ಇಷ್ಟು ಅಂತ ಯಾರಾದರೂ ಕ್ಲೈಂಟ್ ಹೇಳಿದರೆ ಒಪ್ತೀರಾ? ಮನೆಯಲ್ಲಿ ಎಲ್ಲರೂ ಹಿಡಿದುಕೊಂಡಿರುವುದು ಹಳೇ ಸ್ಟೇಟ್‌ಮೆಂಟು. ಆಗ 3.9 ಇತ್ತು, ನಿಜ. ಆಮೇಲೆ ಖಾತೆಯಲ್ಲಿ ಏನೇನೋ ಆಗಿದೆ.

ಏನಾಗಿದೆ ಅಂತ ನಿಮ್ಮ ಪತ್ರದಲ್ಲೇ ಇದೆ. ಸಂಕ್ರಾಂತಿ ಆದಮೇಲೆ ಕ್ಯಾಲ್ಸಿಯಂ ಮತ್ತು ಐರನ್ ಶುರುವಾಯಿತು. ಯುಗಾದಿ ಹೊತ್ತಿಗೆ ಮಂಕು ವಾಪಸ್ ಬಂತು. ಈ ಎರಡೂ ಮಾತ್ರೆಗಳು ಹೊಟ್ಟೆಯಲ್ಲಿ ಥೈರಾಕ್ಸಿನ್ ಅನ್ನು, ಅಂದರೆ ನಿಮ್ಮ ಥೈರಾಯ್ಡ್ ಮಾತ್ರೆಯಲ್ಲಿರುವ ಹಾರ್ಮೋನನ್ನು, ಹಿಡಿದಿಟ್ಟುಕೊಳ್ಳುತ್ತವೆ, ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಕಾಫಿಯೂ ಸ್ವಲ್ಪ ಮಟ್ಟಿಗೆ ಅದನ್ನೇ ಮಾಡುತ್ತದೆ. ನೀವು 75 ನುಂಗುತ್ತಿದ್ದೀರಿ, ಒಳಗೆ ಹೋಗುತ್ತಿರುವುದು ಎಷ್ಟೋ! ಹಾಗಂತ ಇದು ಒಂದೇ ದಿನಕ್ಕೆ ಗೊತ್ತಾಗುವುದಿಲ್ಲ. ಮೈಯಲ್ಲಿರುವ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಅದಕ್ಕೇ ಇಳಿಯುವುದೂ ನಿಧಾನ, ಏರುವುದೂ ನಿಧಾನ. ಸಂಕ್ರಾಂತಿಗೂ ಯುಗಾದಿಗೂ ನಡುವೆ ಎರಡು ತಿಂಗಳು, ಲೆಕ್ಕ ತಾಳೆಯಾಗುತ್ತದೆ ಅಲ್ವಾ? ಇದೇ ಕಾರಣ ಅಂತ ಪತ್ರ ನೋಡಿ ತೀರ್ಪು ಕೊಡಲು ನಾನು ಡಾಕ್ಟರಲ್ಲ. ಆದರೆ ಮೊದಲು ತಟ್ಟಬೇಕಾದ ಬಾಗಿಲು ಇದೇ.

ಇನ್ನೊಂದು ವಿಷಯ. ಥೈರಾಯ್ಡ್ ಕಡಿಮೆಯಾದರೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗಬಹುದು. ರಕ್ತ ಹೋದರೆ ಐರನ್ ಕಮ್ಮಿ. ಐರನ್ ಕಮ್ಮಿಯಾದರೆ ಅದರದ್ದೇ ಸುಸ್ತು, ಅದರದ್ದೇ ಮಂಕು. ಅದಕ್ಕೆ ಐರನ್ ಮಾತ್ರೆ, ಆ ಮಾತ್ರೆ ಹೋಗಿ ಥೈರಾಯ್ಡ್ ಮಾತ್ರೆಗೆ ಅಡ್ಡ. ಗಾಣದ ಎತ್ತಿನ ಹಾಗೆ ಸುತ್ತಿದ್ದಲ್ಲೇ ಸುತ್ತು. ಒಬ್ಬರು ಡಾಕ್ಟರು ಮೊಳಕಾಲು ನೋಡಿದರು, ಇನ್ನೊಬ್ಬರು ಮುಟ್ಟು ನೋಡಿದರು. ಯಾರ ಚೀಟಿಯೂ ತಪ್ಪಲ್ಲ. ಮೂರು ಚೀಟಿಯನ್ನು ಒಂದೇ ಟೇಬಲ್ ಮೇಲೆ ಇಟ್ಟು ನೋಡಿದವರು ಯಾರೂ ಇಲ್ಲ, ಅಷ್ಟೇ. ಆ ಕೆಲಸ ನೀವು ಮಾಡಿ. ಎಲ್ಲ ಮಾತ್ರೆಯ ಸ್ಟ್ರಿಪ್ಪುಗಳನ್ನೂ ಒಂದು ಕವರಿಗೆ ಹಾಕಿಕೊಂಡು ಥೈರಾಯ್ಡ್ ನೋಡುವ ಡಾಕ್ಟರ ಹತ್ತಿರ ಹೋಗಿ, ಮುಂದೆ ಸುರಿಯಿರಿ.

ಟೆಸ್ಟ್ ಈಗ ಒಂದು ಸಲ ಮಾಡಿಸಿ: ಟಿಎಸ್‌ಎಚ್, ಫ್ರೀ ಟಿ4 (ರಕ್ತದಲ್ಲಿರುವ ಥೈರಾಕ್ಸಿನ್), ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಐರನ್ ಎಷ್ಟಿದೆ ಅನ್ನುವ ಲೆಕ್ಕ), ವಿಟಮಿನ್ ಬಿ12. ಮನೆಯಲ್ಲಿ ಸಸ್ಯಾಹಾರವಾದರೆ ಬಿ12 ಬಿಡಲೇಬೇಡಿ, ಅದು ಕಮ್ಮಿಯಾದರೂ ಮರೆವು, ಬೇಜಾರು ಎರಡೂ ಬರುತ್ತವೆ. ಎಂಬತ್ತು ಟೆಸ್ಟಿನ ಫುಲ್ ಬಾಡಿ ಪ್ಯಾಕೇಜ್ ಬೇಕಾಗಿಲ್ಲ. ನಕ್ಷತ್ರ ಗುರುತು ಹಾಕಿದ ಇಪ್ಪತ್ತು ನಂಬರ್ ನೋಡಿಕೊಂಡು ಇನ್ನಷ್ಟು ನಿದ್ದೆಗೆಡುತ್ತೀರಿ. ಟೆಸ್ಟಿಗೆ ಎರಡು ಮೂರು ದಿನ ಮೊದಲೇ ಬಯೋಟಿನ್ ನಿಲ್ಲಿಸಿ. ಅದು ರಕ್ತದಲ್ಲಿದ್ದರೆ ಕೆಲವು ಲ್ಯಾಬ್ ಯಂತ್ರಗಳಲ್ಲಿ ಥೈರಾಯ್ಡ್ ನಂಬರೇ ತಪ್ಪು ಬರುತ್ತದೆ. ಕಮ್ಮಿ ಇರುವವರಿಗೂ ಸರಿಯಿದೆ, ಜಾಸ್ತಿ ಇದೆ ಅಂತ ತೋರಿಸಬಹುದು. ಆ ದಿನದ ಥೈರಾಯ್ಡ್ ಮಾತ್ರೆಯನ್ನು ರಕ್ತ ಕೊಟ್ಟಮೇಲೆ ನುಂಗಿ.

ಇನ್ನು ಮಾತ್ರೆಯ ಹೊತ್ತು. ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ ಅಂತ ಎಲ್ಲರೂ ಹೇಳುತ್ತಾರೆ. ಬೆಳಿಗ್ಗೆ ಆರಕ್ಕೆ ಎದ್ದು ಡಬ್ಬಿ ಕಟ್ಟುವ ಹೆಂಗಸಿಗೆ ಗಡಿಯಾರ ನೋಡಿಕೊಂಡು ಕೂರಲು ಎಲ್ಲಿ ಆಗುತ್ತದೆ? ನಾನು ಮಾಡುವುದು ಹೇಳುತ್ತೇನೆ. ರಾತ್ರಿಯೇ ಡಿಕಾಕ್ಷನ್ ಹಾಕಿಡುವ ಅಭ್ಯಾಸ ಬಿಟ್ಟೆ. ಬೆಳಿಗ್ಗೆ ಫಿಲ್ಟರಿಗೆ ಬಿಸಿನೀರು ಸುರಿದ ಕೈಯಲ್ಲೇ ಮಾತ್ರೆ ನುಂಗುತ್ತೇನೆ. ಡಿಕಾಕ್ಷನ್ ಪೂರ್ತಿ ಇಳಿಯುವ ತನಕ ಕಾಫಿ ಇಲ್ಲ. ನಮ್ಮ ಮನೆ ಫಿಲ್ಟರು ತೂತು ಕಟ್ಟಿಕೊಂಡು ಮುಕ್ಕಾಲು ಗಂಟೆ ತಗೊಳ್ಳುತ್ತದೆ. ಮೊದಲು ಬೈಯುತ್ತಿದ್ದೆ, ಈಗ ಅದನ್ನು ರಿಪೇರಿ ಮಾಡಿಸುವ ಯೋಚನೆಯೇ ಇಲ್ಲ. ಐರನ್, ಕ್ಯಾಲ್ಸಿಯಂ ಎರಡನ್ನೂ ಥೈರಾಯ್ಡ್ ಮಾತ್ರೆಯಿಂದ 4 ಗಂಟೆ ದೂರ ಇಡಿ. ಒಂದು ಮಧ್ಯಾಹ್ನಕ್ಕೆ, ಒಂದು ರಾತ್ರಿಗೆ. ಯಾವುದು ಯಾವಾಗ ಅಂತ ಡಾಕ್ಟರನ್ನೇ ಕೇಳಿ. ಮಾತ್ರೆ ಡಬ್ಬಿ ಒಲೆ ಮೇಲಿನ ಶೆಲ್ಫಿನಲ್ಲಿದ್ದರೆ ತೆಗೆದುಬಿಡಿ, ಶಾಖ ತೇವ ಎರಡೂ ಅದಕ್ಕೆ ಆಗಿಬರುವುದಿಲ್ಲ.

ಹೊತ್ತು ಬದಲಾಯಿಸಿದ್ದನ್ನು ಡಾಕ್ಟರಿಗೆ ಹೇಳುವುದು ಮರೆಯಬೇಡಿ. ಈಗಿನ ರಿಪೋರ್ಟ್ ನೋಡಿ ಅವರು ಡೋಸ್ ಏರಿಸಿ, ಅದೇ ಹೊತ್ತಿಗೆ ನೀವು ಹೊತ್ತನ್ನೂ ಸರಿಮಾಡಿಕೊಂಡರೆ ಎರಡೂ ಸೇರಿ ಜಾಸ್ತಿಯಾಗಬಹುದು. 6ರಿಂದ 8 ವಾರ ಬಿಟ್ಟು ಮತ್ತೆ ಟಿಎಸ್‌ಎಚ್ ನೋಡಿದರೆ ನಿಜ ಗೊತ್ತಾಗುತ್ತದೆ. ಬೇಗ ಸರಿಹೋಗಲಿ ಅಂತ ನೀವೇ ಎರಡು ನುಂಗಲು ಹೋಗಬೇಡಿ. ಎದೆ ಡವಡವ, ನಿದ್ದೆ ಇಲ್ಲ, ವರ್ಷಗಟ್ಟಲೆ ಹಾಗೇ ಆದರೆ ಮೂಳೆಯೂ ಸವೆಯುತ್ತದೆ.

ಕೊತ್ತಂಬರಿ ಬೀಜದ ನೀರು ರುಚಿಯಾಗಿದ್ದರೆ ಕುಡಿಯಿರಿ, ಮಾತ್ರೆಗೆ ಬದಲಿಯಾಗಿ ಮಾತ್ರ ಬೇಡ. ಗ್ರಂಥಿ ಮಾಡಬೇಕಾದ ಹಾರ್ಮೋನನ್ನೇ ಮಾತ್ರೆ ಕೊಡುತ್ತದೆ, ಬೀಜದ ನೀರಿನಲ್ಲಿ ಅದಿಲ್ಲ. ನಾದಿನಿ ಜೊತೆ ಇದಕ್ಕೆ ಜಗಳವೂ ಬೇಡ.

ಅತ್ತೆಯವರ ಮಾತಿಗೆ ಬಂದರೆ, ಅವರ ಕಾಲಕ್ಕಿಂತ ಎಷ್ಟೋ ಮೊದಲೇ ಇದು ಇತ್ತು. 1888ರಲ್ಲೇ ಲಂಡನ್ನಿನ ವೈದ್ಯರ ಸಮಿತಿ ಇಂಥ ನೂರಕ್ಕೂ ಹೆಚ್ಚು ರೋಗಿಗಳನ್ನು ನೋಡಿ ವರದಿ ಬರೆದಿತ್ತು. ಯೋಚನೆ ನಿಧಾನ, ಮಾತು ನಿಧಾನ, ಮನಸ್ಸು ಕೆಟ್ಟಿರುವುದು, ಎಲ್ಲವೂ ಅದರಲ್ಲಿದೆ. 1891ರಲ್ಲಿ ಜಾರ್ಜ್ ಮರ್ರೆ ಎಂಬ ಇಂಗ್ಲಿಷ್ ಡಾಕ್ಟರು 46 ವರ್ಷದ ಒಬ್ಬ ಹೆಂಗಸಿಗೆ ಕುರಿಯ ಥೈರಾಯ್ಡ್ ರಸ ಚುಚ್ಚಿ ನೋಡಿದರು. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿದರು. ಅಷ್ಟು ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತಂತೆ! ನಮಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮಾತ್ರೆಯಲ್ಲಿ ಮುಗಿಯುತ್ತದೆ. ನಮ್ಮಲ್ಲೂ ಹಿಂದಿನ ಹೆಂಗಸರಿಗೆ ಇದು ಇದ್ದೇ ಇರಬೇಕು. ಅದಕ್ಕೆ ‘ಮಂಕು’, ‘ಸೋಮಾರಿ’ ಅಂತ ಹೆಸರಿಟ್ಟು ಸುಮ್ಮನಾದರು.

ನನ್ನದೇ ಒಂದು ಕಥೆ ಹೇಳುತ್ತೇನೆ. ಹನ್ನೊಂದು ವರ್ಷದ ಹಿಂದೆ, ಮಾತ್ರೆ ಶುರುವಾಗುವ ಮೊದಲು, ಗಾಂಧಿ ಬಜಾರಿನಲ್ಲಿ ಹೂವಿನವಳ ಮುಂದೆ ನಿಂತಿದ್ದೆ. ಕನಕಾಂಬರ ಬೇಕಿತ್ತು. ಹೆಸರು ಬರಲೇ ಇಲ್ಲ. ‘ಅದು... ಕೇಸರಿ ಬಣ್ಣದ್ದು... ವಾಸನೆ ಇರಲ್ಲ...’ ಅಂತ ಕೈ ಆಡಿಸುತ್ತಾ ನಿಂತೆ. ‘ಕನಕಾಂಬರಾನಾ ಅಕ್ಕ?’ ಅಂತ ಅವಳು ಮೊಳ ಹಾಕಿ ಕೊಟ್ಟಳು. ಆಟೋ ಹತ್ತಿ ಮನೆ ತನಕ ಅಳುತ್ತಾ ಹೋದೆ. ಹುಟ್ಟಿದಾಗಿನಿಂದ ನೋಡಿದ ಹೂವು. ಅದಕ್ಕೇ ನಿಮ್ಮ ರಾಜಾಜಿನಗರದ ಕಥೆ ಓದಿ ನನಗೆ ನಗು ಬರಲಿಲ್ಲ.

ಥೈರಾಯ್ಡಾ, ಮನಸ್ಸಾ ಅಂತ ಕೇಳಿದಿರಿ. ಎರಡೂ ಇರಬಹುದು. ನಮ್ಮ ಜನ ಅದೇನೋ ಇದ್ದರೆ ಇದು, ಇಲ್ಲದಿದ್ದರೆ ಅದು ಅಂತ ಹಟ ಹಿಡಿಯುತ್ತಾರೆ. ಟಿಎಸ್‌ಎಚ್ ಸರಿಹೋದಮೇಲೂ ಒಂದಷ್ಟು ಜನರಿಗೆ ಮಂಕು, ಬೇಜಾರು ಉಳಿಯುತ್ತದೆ. ಥೈರಾಯ್ಡ್ ಇರುವವರಿಗೆ ಖಿನ್ನತೆ ಬರಬಾರದು ಅಂತೇನೂ ಇಲ್ಲವಲ್ಲ. ಎರಡು ವಾರದ ಮೇಲೆ ದಿನಾ ಹೆಚ್ಚು ಹೊತ್ತು ಮನಸ್ಸು ಕೆಟ್ಟೇ ಇದ್ದರೆ, ಇಷ್ಟವಿದ್ದದ್ದರಲ್ಲೂ ಇಷ್ಟ ಹೋಗಿದ್ದರೆ, ಮನೋವೈದ್ಯರನ್ನು ನೋಡಬೇಕು. ನಿಮಗಂತೂ ಎಚ್ಚರವಾಗದಿದ್ದರೆ ಸಾಕು ಅನಿಸಿದೆ. ಆದ್ದರಿಂದ ಎರಡನೇ ಟೆಸ್ಟಿನ ತನಕ ಕಾಯಬೇಡಿ, ಈ ವಾರವೇ ಹೋಗಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಹೆಸರು ಕೇಳಿದರೆ ಅತ್ತೆ ಹೌಹಾರಬಹುದು. ಹಾಗಾದರೆ ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನವರದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ, ಇಲ್ಲಾ ಮನೆ ಹತ್ತಿರದ ಯಾವುದೇ ಮನೋವೈದ್ಯರಾದೀತು. ಖಿನ್ನತೆ ಮಾತ್ರೆಯನ್ನೂ ಥೈರಾಯ್ಡ್ ಮಾತ್ರೆಯನ್ನೂ ಎಷ್ಟೋ ಜನ ಜೊತೆಯಲ್ಲೇ ತಗೊಳ್ಳುತ್ತಾರೆ. ಒಂದು ಇದೆ ಅಂತ ಇನ್ನೊಬ್ಬ ಡಾಕ್ಟರಿಗೆ ಗೊತ್ತಿದ್ದರೆ ಸಾಕು.

ಸೋಮಾರಿನಾ ಅಂತಲೂ ಕೇಳಿದಿರಿ. ಸೋಮಾರಿಗಳು ಸೊನ್ನೆ ಜಾಸ್ತಿಯಾಯಿತು ಅಂತ ಬೆವರುವುದಿಲ್ಲ.

ಈ ಎಂಟು ವಾರ ದಾಟಿಸಬೇಕಲ್ಲ, ಅದಕ್ಕೆ ಎರಡು ಮೂರು ಉಪಾಯ. ಆಫೀಸಿನಲ್ಲಿ ಆ ಪಕ್ಕದ ಹುಡುಗಿಗೆ ಸ್ವಲ್ಪ ಹೇಳಿಕೊಳ್ಳಿ. ಪೂರ್ತಿ ಜಾತಕ ಬೇಡ, ‘ಥೈರಾಯ್ಡ್ ಏರುಪೇರಾಗಿದೆ, ರಿಟರ್ನ್ ಹಾಕುವ ಮೊದಲು ಒಂದು ಸಲ ಕಣ್ಣಾಡಿಸ್ತೀಯಾ?’ ಅಂದರೆ ಸಾಕು. ಲೆಕ್ಕ ತಾಳೆ ನೋಡುವ ಕೆಲಸವನ್ನು ತಲೆ ಸ್ವಲ್ಪ ತಿಳಿಯಾಗಿರುವ ಹೊತ್ತಿಗೆ ಇಟ್ಟುಕೊಳ್ಳಿ. ಫೋನ್ ಮಾಡುವುದು, ಫೈಲ್ ಜೋಡಿಸುವುದು ಉಳಿದ ಹೊತ್ತಿಗಿರಲಿ. ಮೆಟ್ರೋದಲ್ಲಿ ಚಿಕ್ಕಪೇಟೆ ಬಂದ ತಕ್ಷಣ ಎದ್ದು ಬಾಗಿಲ ಹತ್ತಿರ ನಿಂತುಬಿಡಿ, ಮುಂದಿನದ್ದೇ ಮೆಜೆಸ್ಟಿಕ್. ವ್ಯಾಯಾಮ ಮಾಡಿ ಅಂತ ಹೇಳಿದರೆ ನಿಮಗೆ ಸಿಟ್ಟು ಬರುತ್ತದೆ, ನನಗೂ ಬರುತ್ತಿತ್ತು. ಬಟ್ಟೆ ಒಣಗಿಸಲು ಟೆರೇಸಿಗೆ ಹೋದಾಗ ಹತ್ತು ನಿಮಿಷ ಬಿಸಿಲಿನಲ್ಲಿ ಓಡಾಡಿ ಬನ್ನಿ, ಸದ್ಯಕ್ಕೆ ಅಷ್ಟು.

ಯಜಮಾನರಿಂದ ‘ಅರ್ಥಮಾಡಿಕೊಳ್ಳಿ’ ಅಂತ ಕೇಳಬೇಡಿ. ಗಂಡಸರಿಗೆ ಅದರ ಅರ್ಥವೇ ಆಗುವುದಿಲ್ಲ. ಇಂಥದ್ದು ಅಂತ ಕೆಲಸ ಕೇಳಿ. ಎರಡನೇ ರಿಪೋರ್ಟ್ ಬರುವ ತನಕ ಬೆಳಗಿನ ಡಬ್ಬಿ ಅವರದ್ದು. ಚಿತ್ರಾನ್ನ ಕಲಿಸಿಕೊಡಿ. ಡಾಕ್ಟರ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ. ‘ರಿಪೋರ್ಟ್ ನಾರ್ಮಲ್ ಇದೆಯಲ್ಲ’ ಅನ್ನುವ ಮಾತನ್ನು ಅವರೇ ಅಲ್ಲಿ ಕೇಳಲಿ, ಉತ್ತರವನ್ನೂ ಅವರೇ ಕೇಳಿಸಿಕೊಳ್ಳಲಿ.

ರಾಜೀನಾಮೆ ಡ್ರಾಫ್ಟ್‌ನಲ್ಲೇ ಇರಲಿ. ಅಳಿಸಬೇಡಿ, ಕಳಿಸಲೂ ಬೇಡಿ. ಕೆಲಸ ನಿಜಕ್ಕೂ ಬೇಡ ಅನಿಸಿದ್ದರೆ ಎಂಟು ವಾರ ಆದಮೇಲೂ ಬೇಡ ಅಂತಲೇ ಅನಿಸುತ್ತದೆ, ಆಗ ಕಳಿಸಿ. ಎರಡನೇ ರಿಪೋರ್ಟ್ ಬಂದಮೇಲೆ ನನಗೆ ಇನ್ನೊಂದು ಪತ್ರ ಹಾಕಿ. ಟಿಎಸ್‌ಎಚ್ ಜೊತೆಗೆ ಫೆರಿಟಿನ್ ಎಷ್ಟು ಬಂತು ಅಂತಲೂ ಬರೆಯಿರಿ. ಮತ್ತೆ ಚಿತ್ರಾನ್ನ ಹೇಗಿತ್ತು ಅಂತ.