ಲೇಬಲ್ ಸ್ಟಿಕರ್ ವಿಷಯದಲ್ಲಿ ಟ್ಯಾಕ್, ಪೀಲ್ ಎರಡೂ ಒಂದೇನಾ?

ಒಂದೇ ಅಲ್ಲ, ಎಲ್ರೂ ಸಪ್ಲೈಯರ್ ಹತ್ರ "ಗಮ್ ಸ್ಟ್ರಾಂಗಾ?" ಅಂತಷ್ಟೇ ಕೇಳ್ತಾರೆ, ಅಲ್ಲೇ ಎಡವಟ್ಟಾಗೋದು. ಟ್ಯಾಕ್ ಅಂದ್ರೆ ಲೇಬಲ್ ಮುಟ್ಟಿಸಿದ ತಕ್ಷಣ, ಜಾಸ್ತಿ ಒತ್ತದೇನೇ, ಎಷ್ಟು ಹಿಡ್ಕೊಳುತ್ತೆ ಅನ್ನೋದು. ಪೀಲ್ ಅಂದ್ರೆ ಅಂಟಿದ್ಮೇಲೆ ಕಿತ್ತು ತೆಗೆಯೋಕೆ ಎಷ್ಟು ಬಲ ಬೇಕು ಅನ್ನೋದು, ಇದನ್ನ ಲ್ಯಾಬಲ್ಲಿ 180 ಡಿಗ್ರಿ ಹಿಂದಕ್ಕೆ ಮಡಚಿ ನಿಮಿಷಕ್ಕೆ 300 ಮಿಲಿಮೀಟರ್ ಸ್ಪೀಡಲ್ಲಿ ಎಳೆದು ಅಳೀತಾರೆ, ಅಂಟಿಸಿ 20 ನಿಮಿಷ ಆದ್ಮೇಲೆ ಒಂದ್ಸಲ, 24 ಗಂಟೆ ಆದ್ಮೇಲೆ ಇನ್ನೊಂದ್ಸಲ, ಯಾಕಂದ್ರೆ ಗಮ್ ನಿಧಾನಕ್ಕೆ ಹರಡ್ಕೊಂಡು ಹಿಡಿತ ಜಾಸ್ತಿಯಾಗುತ್ತೆ. ಹಾಗಾಗಿ ಈಗ ಅಂಟಿಸಿ ಈಗ್ಲೇ ಕಿತ್ತು ನೋಡಿ "ಮಾಲು ಸರಿಯಿಲ್ಲ" ಅನ್ಬೇಡಿ. ಫ್ರಿಜ್‌ನಲ್ಲಿರೋ ಬಾಟಲಿಗೆ ಅಂಟಿಸೋದಾದ್ರೆ ಸಪ್ಲೈಯರ್ ಹತ್ರ ಮೊದ್ಲೇ ಹೇಳ್ಬಿಡಿ, ತಣ್ಣಗಿದ್ರೆ ಮಾಮೂಲಿ ಗಮ್‌ನ ಟ್ಯಾಕ್ ಕಮ್ಮಿಯಾಗುತ್ತೆ.